ಅಂಟಿಹೋದ ಕೊನೇ ಪುಟ

ನನ್ನ ಬಾಯಿ ಜೋರು, ಒಪ್ಕೋತೀನಿ. ಆರ್.ಟಿ. ನಗರದ ಮೇನ್ ರೋಡಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕದಂಗಡಿ ನಡೆಸ್ತಿದೀನಿ. ಜನ ಒಳಗೆ ಬಂದು, ಪುಸ್ತಕ ತಿರುವಿ ನೋಡಿ, ನನ್ನ ಕಣ್ಣೆದುರೇ ಫೋನಲ್ಲಿ ಇ-ಬುಕ್ ತಗೊಂಡು ಹೋಗೋಕೆ ಶುರು ಮಾಡಿದಾಗ ಮೈಯೆಲ್ಲಾ ಉರಿದು ಬೋರ್ಡ್ ಬರೆಸಿದೆ: 'ಫೋನಲ್ಲಿ ಸಿಗದ್ದು ಇಲ್ಲಿ ಸಿಗುತ್ತೆ.' ಆಮೇಲೆ ಅದೇ ಬೋರ್ಡಿನ ಕೆಳಗೆ ಇ-ರೀಡರ್ ಪೌಚ್ ನೇತುಹಾಕಿ ಮಾರಿದೆ. ಹೊಟ್ಟೆ ಕೇಳ್ಬೇಕಲ್ಲ.

ಬೋರ್ಡ್ ನೋಡಿ ಬಂದೋರು ಒಬ್ರೇ, ಖುರ್ಷೀದಮ್ಮ. ಅವರ ಯಜಮಾನ್ರು ಅಕ್ಬರ್ ಪಾಷಾ ಪ್ರೆಸ್ಸಲ್ಲಿ ಸೀಸದ ಅಕ್ಷರ ಒಂದೊಂದೇ ಜೋಡಿಸ್ತಿದ್ದೋರು, ತೀರಿಕೊಂಡು ವರ್ಷಗಳಾಯ್ತು. ಅವರು ಜೋಡಿಸಿದ ಒಂದು ಕನ್ನಡ ಕಾದಂಬರಿಯ ಕೊನೇ ಪುಟದಲ್ಲಿ ಅವರ ಹೆಸರೂ ಅಚ್ಚಾಗಿತ್ತಂತೆ.

"ಮೊಮ್ಮಗಳು ಐಮನ್ ನಂಬೋದೇ ಇಲ್ಲ ಕಣ್ರೀ ನಾಗಲಕ್ಷ್ಮಿ. 'ತಾತ ಮನೇಲಿ ಉರ್ದು ಮಾತಾಡ್ತಿದ್ರು, ಕನ್ನಡ ಪುಸ್ತಕ ಹೆಂಗೆ ಮಾಡ್ತಾರೆ? ನೆಟ್ಟಲ್ಲಿ ಎಲ್ಲೂ ಇಲ್ವಲ್ಲಾ' ಅಂತಾಳೆ. ಒಂದ್ಸಲ ಅವಳಿಗೆ ತೋರಿಸ್ಬೇಕು."

ಅಟ್ಟದಲ್ಲಿ ಮೂರು ದಿನ ಧೂಳು ಕುಡಿದು ಹುಡುಕಿದೆ. ಸಿಕ್ತು! ಹಿಂದಿನ ರಟ್ಟು ಕಳಚಿಹೋಗಿತ್ತು, ಆದ್ರೆ ಕೊನೇ ಪುಟದಲ್ಲಿ ಹೆಸರು ಹಾಗೇ ಇತ್ತು. ಫೋನ್ ಮಾಡಿದೆ. ಶುಕ್ರವಾರ ಬರ್ತೀವಿ ಅಂದ್ರು, ಖುಷಿಗೆ ಅಳೋದು ಕೇಳಿಸ್ತು. ಒಳಗೆ ಅವರ ಹೆಸರಿನ ಚೀಟಿ ಸಿಕ್ಕಿಸಿ ಪುಸ್ತಕಾನ ಗಲ್ಲಾ ಪಕ್ಕ ಇಟ್ಟೆ.

ಬುಧವಾರ ವಿಜಯ್ ಕುಮಾರ್ ಅನ್ನೋನು ಬಂದ, ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ತಿರೋ ಬಿಲ್ಡರ್ ಕಡೆಯವನು. ಸ್ಯಾಂಪಲ್ ಫ್ಲ್ಯಾಟಿನ ಗೋಡೆಗೆ ಹನ್ನೆರಡು ಅಡಿ ಪುಸ್ತಕ ಬೇಕಂತೆ. ಅಡಿ!

"ಹಳೇದಾದ್ರೂ ಪರವಾಗಿಲ್ಲ ಮೇಡಂ, ಹೊರಗೆ ಕಾಣೋ ಬೆನ್ನು ಚೆನ್ನಾಗಿರ್ಲಿ. ಒಂದಕ್ಕೊಂದು ಅಂಟಿಸಿಬಿಡಿ, ಇಲ್ಲಾಂದ್ರೆ ನೋಡೋಕೆ ಬಂದೋರು ಎತ್ಕೊಂಡು ಹೋಗ್ತಾರೆ."

"ಓದೋಕಲ್ವೇನ್ರೀ?" ಅಂದೆ.

"ಓದೋರ ಹತ್ರ ಫೋನಿದೆಯಲ್ಲ ಮೇಡಂ," ಅಂತ ನಕ್ಕ.

ಅವನ ಮುಖಕ್ಕೆ ಉಗಿಯೋಣ ಅನ್ನಿಸ್ತು. ಆದ್ರೆ ಅಂಗಡಿ ಉಳೀಬೇಕಿತ್ತು. ಸಿಟ್ಟಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು, ಬಿಲ್ಡರ್ ವಂಶಾನೆಲ್ಲ ಬೈತಾ, ಅಂಟು ಬಳಿದು ಕಳಿಸಿದೆ.

ಶುಕ್ರವಾರ ಬೆಳಗ್ಗೆ ಗಲ್ಲಾ ಪಕ್ಕ ನೋಡಿದ್ರೆ ಪುಸ್ತಕ ಇಲ್ಲ. ಬುಧವಾರ ಸಿಟ್ಟಲ್ಲಿ ಅದನ್ನೂ ಎಳೆದು ಅಂಟಿಸಿ ಕಳಿಸಿಬಿಟ್ಟಿದ್ದೆ. ಆಟೋ ಹತ್ತಿ ತಣಿಸಂದ್ರಕ್ಕೆ ಓಡಿದೆ. ಆ ಫ್ಲ್ಯಾಟಿನ ಗೋಡೇಲಿ, ಮೂರನೇ ಸಾಲಲ್ಲಿ, ಚೀಟಿಯ ತುದಿ ಕಾಣ್ತು. ಮೆಲ್ಲಗೆ ಎಳೆದೆ. ಬರ್ಲಿಲ್ಲ. ಬ್ಲೇಡ್ ತೂರಿಸಿದೆ, ಒದ್ದೆ ಬಟ್ಟೆ ಒತ್ತಿದೆ. ಕೊನೆಗೆ ಪುಸ್ತಕ ಬಂತು, ಕೊನೇ ಪುಟ ಬರ್ಲಿಲ್ಲ. ಅದು ಪಕ್ಕದ ಪುಸ್ತಕಕ್ಕೆ ಕಚ್ಕೊಂಡು, ಕೆರೆದಷ್ಟೂ ಚೂರುಚೂರಾಗಿ ಉದುರ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮನೆ ನೋಡೋಕೆ ಬಂದಿದ್ದ ಗಂಡ ಹೆಂಡ್ತಿ ನನ್ನ ಪಕ್ಕದಲ್ಲೇ ಹಾದು ಅಡುಗೆಮನೆ ನೋಡೋಕೆ ಹೋದ್ರು.

ಸಂಜೆ ಖುರ್ಷೀದಮ್ಮ ಬಂದ್ರು, ಹಬ್ಬಕ್ಕೆ ಹೊರಟಂಗೆ ಹೊಸ ಬಟ್ಟೆ. ಐಮನ್ ಫೋಟೋ ತೆಗೆಯೋಕೆ ಫೋನ್ ಹಿಡ್ಕೊಂಡಿದ್ಲು. ಪುಟ ಹರಿದ ಜಾಗ ತೋರಿಸಿ, ಏನೂ ಮುಚ್ಚಿಡದೆ ಹೇಳ್ದೆ. "ಹೆಸರು ಇತ್ತಮ್ಮಾ, ಕಣ್ಣಾರೆ ನೋಡಿದೀನಿ. ನಾನೇ ಹಾಳು ಮಾಡ್ದೆ, ಪಾಪಿ ನಾನು."

ಖುರ್ಷೀದಮ್ಮ ಬೈಲಿಲ್ಲ. ಹರಿದ ಅಂಚಿನ ಮೇಲೆ ಬೆರಳಾಡಿಸ್ತಾ ನಿಂತ್ರು. ಬೈದಿದ್ರೆ ತಡ್ಕೋತಿದ್ದೆ.

ಐಮನ್ ನನ್ನ ಮುಖ ನೋಡಿದ್ಲು, ಅಜ್ಜಿ ಮುಖ ನೋಡಿದ್ಲು, ಫೋನ್ ಬ್ಯಾಗಿಗೆ ಹಾಕ್ಕೊಂಡ್ಲು.

"ಆಯ್ತು ನಾನಿ, ನಂಬ್ತೀನಿ ಬಿಡು," ಅಂದ್ಲು ಅಜ್ಜಿಗೆ, ಹಠ ಹಿಡಿದ ಮಗೂಗೆ ಸಮಾಧಾನ ಹೇಳೋ ಹಂಗೆ.