ಪಿಕಪ್ ಮಾರಿದ ವರ್ಷ

ನನ್ನ ಹೊಸ ಗಾಡಿಗೆ ತೌನೊ ಇಟ್ಟ ಹೆಸರು ಕೋಳಿಗೂಡು. ಅದು ಮೊದಲ ದಿನದ ಹೆಸರು. ಎರಡನೇ ದಿನ ಪಾದ್ರಿ ಹೆಂಡತಿಯ ಪರ್ಸ್ ಆಯಿತು, ಮೂರನೇ ದಿನ ಬ್ರೆಡ್ಡಿನ ಡಬ್ಬಿ. ಎಪ್ಪತ್ತೊಂದು ವರ್ಷದ ಗಂಡಸು, ಒಂದೇ ಮನೆಯಲ್ಲಿರುವ ನನ್ನ ಒಡಹುಟ್ಟಿದ ಅಣ್ಣ, ದಿನಕ್ಕೊಂದು ಹೆಸರು ಹುಡುಕಿಕೊಂಡು ಬಂದು ಬೆಳಗಿನ ಕಾಫಿಗೆ ಕೂರುತ್ತಿದ್ದ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮೊಣಕಾಲುದ್ದ ಹಿಮದಲ್ಲಿ, ಹಿಂದೆ ನಲವತ್ತು ಮಕ್ಕಳು ಕಿರುಚುತ್ತಿರುವಾಗ. ಗಾಡಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

"ಲೆಂಪಿ, ಇದರಲ್ಲಿ ಜಿಂಕೆ ತರ್ತೀಯಾ? ಮೊಲ ತರಬಹುದು ನೋಡು. ಅದೂ ಕಿವಿ ಮಡಚ್ಕೊಂಡು ಕೂತರೆ."

"ಮೊದಲು ನೀನು ಹೊಡಿ. ತರೋದು ನನಗೆ ಬಿಡು."

"ನಾನ್ಯಾಕೆ ಹೊಡೀಲಿ? ಈ ವರ್ಷ ಬೇಟೆಗೆ ಬರಲ್ಲ ಅಂತ ಹೇಳಿಲ್ವಾ?"

ಕೋಳಿಗೂಡು ಅಂದಿದ್ದಕ್ಕೆ ನನಗೇನೂ ಬೇಜಾರಿಲ್ಲ. ನನ್ನನ್ನು ಚುಚ್ಚುತ್ತಿದ್ದದ್ದು ಈ ಕೊನೆಯ ಮಾತು.

ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅವತ್ತು ಶಾಲೆಗೂ ರಜೆ. ಹನ್ನೆರಡನೇ ವಯಸ್ಸಿನಿಂದ ತೌನೊ ಒಂದು ವರ್ಷವೂ ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ವರ್ಷವೂ ಹೋಗಿದ್ದ. ಅಳೋದಕ್ಕೆ ಕಾಡಿಗಿಂತ ಒಳ್ಳೆ ಜಾಗ ಎಲ್ಲಿದೆ ಅಂದಿದ್ದ. ಅಂಥವನು ಆಗಸ್ಟಿನಲ್ಲಿ ಒಂದು ದಿನ ಕೋವಿಗೆ ಎಣ್ಣೆ ಹಾಕಿ ಒರೆಸಿ, "ಇದನ್ನ ಕ್ಲೈಡ್‌ಗೆ ಕೊಟ್ಟುಬಿಡ್ತೀನಿ, ಜಿಂಕೆ ಮಾಂಸ ಹೊಟ್ಟೆಗೆ ಒಗ್ತಾ ಇಲ್ಲ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದೇ ವಾರ ಜಿಂಕೆ ಮಾಂಸದ ಸಾಸೇಜು ಒಂದು ತಟ್ಟೆ ಒಬ್ಬನೇ ಮುಗಿಸಿದ್ದ.

ನಿಜವಾದ ಕಾರಣ ಬೇರೆ. ಹೋದ ವರ್ಷ ಬೇಟೆಯ ದಿನ ಪೇಟೆಯ ಅಂಗಡಿಯ ಮುಂದೆ ನನ್ನ ಪಿಕಪ್‌ನಿಂದ ಇಳಿಯುವಾಗ ತೌನೊ ಬಿದ್ದುಬಿಟ್ಟ. ಪಿಕಪ್ ಎತ್ತರದ್ದು, ಅವನ ಬಲಗಡೆ ಸೊಂಟದ ಕೀಲು ಸವೆದುಹೋಗಿದೆ. ಕಾಲಿಗೆ ಮೆಟ್ಟಿಲು ಸಿಗಲಿಲ್ಲ, ಕೆಸರು ಹಿಮದಲ್ಲಿ ಅಂಗಾತ ಬಿದ್ದ. ಅಲ್ಲಿ ಏಳೆಂಟು ಗಂಡಸರು ನಿಂತಿದ್ದರು. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು. "ತೌನೊ, ಜಿಂಕೆ ಬದಲು ನೀನೇ ಮಲಗಿಬಿಟ್ಯಲ್ಲೋ!" ಅಂದವನು ಕ್ಲೈಡ್ ಟ್ರೆವಾರೋ, ತೌನೊನ ಐವತ್ತು ವರ್ಷದ ಗೆಳೆಯ. ಎಲ್ಲರೂ ನಕ್ಕರು. ತೌನೊನೂ ನಕ್ಕ.

ಅವತ್ತಿನಿಂದ ಅವನು ಆ ಅಂಗಡಿಗೆ ಕಾಲಿಟ್ಟಿಲ್ಲ. ಕಾಫಿಪುಡಿಗೂ ನಾನೇ ಹೋಗಬೇಕು, ಹಕ್ಕಿಕಾಳಿಗೂ ನಾನೇ. ಇವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವನು ಕೂತೇ ಇರುತ್ತಿದ್ದ. ಕಣ್ಣೆದುರಿಗೇ ಕುಗ್ಗುತ್ತಿದ್ದ. ನನಗೆ ಮದುವೆ ಮಕ್ಕಳು ಅಂತ ಇಲ್ಲ. ಇರುವುದು ಇವನೊಬ್ಬ. ಕಾಡಿಗೆ ಹೋಗುವುದನ್ನೂ ಬಿಟ್ಟರೆ ಅದೇ ಕುರ್ಚಿಯಲ್ಲಿ ಮುಗಿದುಹೋಗುತ್ತಾನೆ ಅಂತ ನನಗೆ ಹೆದರಿಕೆ ಹತ್ತಿತು.

ಅದಕ್ಕೇ ಆ ಆಗಸ್ಟಿನಲ್ಲೇ ಪಿಕಪ್ ಮಾರಿದೆ. ತೌನೊನ ಮಂಚದ ಎತ್ತರ ಅಳೆದುಕೊಂಡು, ಟೇಪು ಜೇಬಿಗೆ ಹಾಕಿಕೊಂಡು ಗಾಡಿ ನೋಡಲು ಹೋದೆ. ಮಾರುವ ಹುಡುಗ ಇಂಜಿನ್ನು, ಮೈಲೇಜು ಅಂತ ಪುರಾಣ ಬಿಚ್ಚಿದ. ನಾನು ಪ್ರತಿ ಗಾಡಿಯ ಸೀಟಿಗೂ ನೆಲಕ್ಕೂ ಟೇಪು ಹಿಡಿಯುತ್ತಾ ಹೋದೆ. ಹುಚ್ಚಿ ಅಂದುಕೊಂಡಿರಬೇಕು. ಕೊನೆಗೆ ಈ ಸಣ್ಣ ಎಸ್‌ಯುವಿ ಸಿಕ್ಕಿತು. ಹಿಂದಕ್ಕೆ ತಿರುಗಿ ಮಂಚದ ಮೇಲೆ ಕೂತ ಹಾಗೆ ಕೂತು, ಎರಡೂ ಕಾಲು ಒಟ್ಟಿಗೆ ಒಳಗೆ ತಂದುಕೊಂಡರಾಯಿತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತವಿದೆ, ಹಿಮಕ್ಕೆ ಹೆದರಬೇಕಾಗಿಲ್ಲ.

ತೌನೊಗೆ ಇದನ್ನೆಲ್ಲ ಹೇಳಲಿಲ್ಲ. ಪಿಕಪ್‌ನ ತಳ ತುಕ್ಕು ಹಿಡಿದಿತ್ತು ಅಂದೆ. ಒಳ್ಳೆಯದಕ್ಕೆ ಸುಳ್ಳು ಹೇಳಲು ನನಗೆ ನಾಚಿಕೆಯಿಲ್ಲ.

ನವೆಂಬರ್ ಹದಿನಾಲ್ಕರ ಸಂಜೆ ಅವನೆದುರಿಗೇ ಗಾಡಿಯ ಹಿಂದಿನ ಸೀಟು ಮಡಚಿ, ಬಚ್ಚಲಿನ ಹಳೇ ಪರದೆ ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಕಿ, ಮಕ್ಕಳು ಹಿಮದಲ್ಲಿ ಜಾರುವ ಉದ್ದನೆಯ ಪ್ಲಾಸ್ಟಿಕ್ ಬಂಡಿಯನ್ನು ತುರುಕಿದೆ.

"ಎಲ್ಲಿಗೆ ಸವಾರಿ?" ಅಂದ.

"ನಾನೊಬ್ಬಳೇ ಹೋಗ್ತೀನಿ. ಅಪ್ಪ ಬಿಟ್ಟು ಹೋದ ಕಾಡು, ನನಗೂ ಅರ್ಧ ಪಾಲಿದೆ."

"ನೀನಾ? ಹೋದ್ಸಲ ನೀನು ಹೊಡೆದ ಗುಂಡು ಇನ್ನೂ ಆ ಬರ್ಚ್ ಮರದಲ್ಲಿದೆ. ಪಾಪ ಮರ."

"ಆಯ್ತಪ್ಪ, ಈ ಸಲ ಇನ್ನೊಂದು ಮರ."

ಬೆಳಗ್ಗೆ ಐದಕ್ಕೆ ನಾನು ಎದ್ದು ಬರುವಷ್ಟರಲ್ಲಿ ತೌನೊ ಕಿತ್ತಳೆ ಬಣ್ಣದ ಬೇಟೆಯ ಜಾಕೀಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ನಾನು ಮರಗಳಿಗೆ ಹೊಡೆಯುವ ತಮಾಷೆ ನೋಡಲು ಬರುತ್ತಾನಂತೆ. ಜೇಬಿನಲ್ಲಿ ಈ ವರ್ಷದ ಪರ್ಮಿಟ್ ಚೀಟಿ ಇತ್ತು. ಯಾವಾಗ ತರಿಸಿಕೊಂಡನೋ ಕಳ್ಳ! ನಾನು ಕಂಡರೂ ಕಾಣದವಳ ಹಾಗೆ ಇದ್ದೆ. "ಈ ಕೋಳಿಗೂಡಿಗೆ ಬಾಗಿಲು ಯಾವ ಕಡೆ?" ಅಂತ ಗೊಣಗುತ್ತಲೇ, ಯಾರ ಕೈಯನ್ನೂ ಹಿಡಿಯದೆ, ಕೂತು ಕಾಲು ಒಳಗೆ ಎಳೆದುಕೊಂಡ.

ಕಾಡಿನ ಗೇಟಿನ ಹತ್ತಿರ ಕ್ಲೈಡ್ ಸಿಕ್ಕಿದ. ಅವನ ಕಾಡು ನಮ್ಮದಕ್ಕೆ ತಾಗಿಕೊಂಡೇ ಇದೆ. ಅವನದು ಹೆಸರಿಗೆ ಪಿಕಪ್, ನೋಡಿದರೆ ರೈಲು ಇಂಜಿನ್. ಸ್ಟಿಯರಿಂಗ್ ಹಿಂದೆಯೇ ಕೂತು ಕಿಟಕಿ ಇಳಿಸಿ, "ಏನ್ ಲೆಂಪಿ, ಮೊಟ್ಟೆ ಇಡೋಕೆ ಬಂದ್ಯಾ?" ಅಂದ.

"ಇಟ್ಟ ಮೇಲೆ ನಿನಗೂ ಒಂದು ಕೊಡ್ತೀನಿ, ಕಾವು ಕೊಡು," ಅಂದು ಮುಂದೆ ಹೋದೆ.

ಪಿಕಪ್ ಇದ್ದಾಗ ಮರಗಳ ನಡುವೆ ತಿರುಗಿಸಲಾಗದೆ ಅರ್ಧ ಮೈಲಿ ಹಿಂದೆಯೇ ನಿಲ್ಲಿಸುತ್ತಿದ್ದೆವು. ಈ ಗಾಡಿ, ಜಿಂಕೆಗೆ ಕಾದು ಕೂರಲು ಅಪ್ಪ ಕಟ್ಟಿದ ಹಲಗೆಗೂಡಿನ ನೂರು ಹೆಜ್ಜೆ ಹತ್ತಿರದವರೆಗೂ ಹೋಯಿತು. ಗೂಡಿನಲ್ಲಿ ಎರಡು ಕುರ್ಚಿ, ಎದುರಿಗೆ ಒಂದು ಸಣ್ಣ ಕಿಂಡಿ. ಫ್ಲಾಸ್ಕಿನ ಕಾಫಿ ಕುಡಿದು ಕೂತೆವು. ನಾನು ಜೋರಾಗಿ ಉಸಿರಾಡುತ್ತೇನೆ ಅಂತ ಎರಡು ಸಲ ಬೈದ.

ಎಂಟೂಮುಕ್ಕಾಲಿಗೆ ದೇವದಾರು ಮರಗಳ ಅಂಚಿನಿಂದ ಒಂದು ಗಂಡು ಜಿಂಕೆ ಹೊರಗೆ ಬಂತು. ಕೊಂಬಿಗೆ ಎಂಟು ಕವಲು. ತೌನೊ ನನ್ನ ಕಡೆ ಕೈ ಚಾಚಿದ. ನಾನು ಅವನ ಕೋವಿಯನ್ನೇ ತಂದಿದ್ದೆ, ಕ್ಲೈಡ್‌ಗೆ ಇನ್ನೂ ಕೊಟ್ಟಿರಲಿಲ್ಲ. ಒಂದೇ ಗುಂಡು. ಅರವತ್ತು ಹೆಜ್ಜೆ ಓಡಿ ಬಿತ್ತು.

ಅವನಿಗೆ ಮೊಣಕಾಲೂರಲು ಆಗುವುದಿಲ್ಲ. ಆದ್ದರಿಂದ ಹೊಟ್ಟೆ ಸೀಳಿ ಕರುಳು ತೆಗೆದದ್ದು ನಾನು, ನಿಂತುಕೊಂಡು ತಪ್ಪು ಹುಡುಕಿದ್ದು ಅವನು. ಅಡುಗೆಗೆಂದು ಗುಂಡಿಗೆ, ಪಿತ್ತಜನಕಾಂಗ ಒಂದು ಚೀಲಕ್ಕೆ ಹಾಕಿದೆ. ಹೊಡೆದವನ ಪರ್ಮಿಟ್ ಚೀಟಿ ಜಿಂಕೆಯ ಮೇಲಿರಬೇಕು ಅನ್ನುವುದು ಕಾನೂನು, ಅದನ್ನು ಕೊಂಬಿಗೆ ಅವನೇ ಕಟ್ಟಿದ. ಜಿಂಕೆಯನ್ನು ಜಾರುಬಂಡಿಗೆ ಉರುಳಿಸಿ ಎಳೆದು ತಂದು, ಬಂಡಿಯ ಮೂತಿಯನ್ನು ಡಿಕ್ಕಿಯ ಅಂಚಿಗೆ ಇಟ್ಟು ಹಿಂದಿನಿಂದ ದಬ್ಬಿದೆ. ತಗ್ಗಿನ ಡಿಕ್ಕಿ, ಸರ್ರನೆ ಒಳಗೆ ಹೋಯಿತು. ಪಿಕಪ್‌ಗಾದರೆ ಇಬ್ಬರು ಗಂಡಸರು ಎತ್ತಬೇಕಿತ್ತು. ತಲೆ ನಮ್ಮಿಬ್ಬರ ಸೀಟಿನ ನಡುವೆ ಬಂತು. ಮೂರನೆಯವನೊಬ್ಬ ದಾರಿ ನೋಡುತ್ತ ಕೂತ ಹಾಗಿತ್ತು. ತೌನೊ ಕೊಂಬಿನ ಮೇಲೆ ಕೈಯಿಟ್ಟುಕೊಂಡೇ ಕೂತ. ಗಾಡಿಗೆ ಹೊಸ ಹೆಸರೇನೂ ಇಡಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಗೇಟಿನವರೆಗೆ. ಕ್ಲೈಡ್‌ಗೆ ಅವತ್ತು ಏನೂ ಸಿಕ್ಕಿರಲಿಲ್ಲ, ಪಿಕಪ್‌ಗೆ ಒರಗಿ ನಿಂತಿದ್ದ. ಡಿಕ್ಕಿ ತೆಗೆಸಿ ನೋಡಿದ.

"ಅಬ್ಬಬ್ಬಾ! ಇಂಥ ಜಿಂಕೇನ ಕದ್ದ ಮಾಲಿನ ಹಾಗೆ ಮುಚ್ಕೊಂಡು ಹೋಗ್ತೀರಾ? ಪೇಟೆಯೋರು ನೋಡೋದು ಬೇಡ್ವಾ? ನನ್ನ ಗಾಡಿಗೆ ಹಾಕ್ರಿ. ತೌನೊ, ನೀನು ಮುಂದೆ ಕೂತ್ಕೋ, ಮೆರವಣಿಗೆ ಹೋಗೋಣ."

ಇಲ್ಲಿ ಅದೇ ಪದ್ಧತಿ. ಪಿಕಪ್‌ನ ಹಿಂದಿನ ಬಾಗಿಲು ಇಳಿಬಿಟ್ಟು, ಜಿಂಕೆಯ ತಲೆ ಹೊರಗೆ ಕಾಣುವಂತೆ ಮಲಗಿಸಿ, ಅಂಗಡಿಯ ಮುಂದೆ ನಿಲ್ಲಿಸಬೇಕು. ಜನ ಬಂದು ಕವಲು ಎಣಿಸಬೇಕು. ತೌನೊನ ಮುಖ ಅರಳಿತು. "ಹೂಂ, ಹಾಕು," ಅಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೂ ಕ್ಲೈಡ್ ಜೊತೆ ಸೇರಿ ಎತ್ತಿ ಹಾಕಿದೆ. ತೌನೊ ಆಚೆ ಬದಿಯ ಬಾಗಿಲಿಗೆ ಹೋದ. ಪಿಕಪ್‌ನ ಅಡಿಯಿಂದ ನನಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಒಂದು ಬೂಟು ನೆಲ ಬಿಟ್ಟು ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಮತ್ತೊಮ್ಮೆ ಹೋಯಿತು, ಬಂತು. ಮೂರನೇ ಸಲ ಅರ್ಧಕ್ಕೇ ಇಳಿಯಿತು. ಆಮೇಲೆ ಎರಡೂ ಬೂಟು ಜೋಡಿಸಿಕೊಂಡು ಸುಮ್ಮನೆ ನಿಂತವು. ಕ್ಲೈಡ್ ಜಿಂಕೆಗೆ ಕಟ್ಟಿದ್ದ ಹಗ್ಗಕ್ಕೇ ಮತ್ತೆ ಮತ್ತೆ ಗಂಟು ಹಾಕುತ್ತಿದ್ದ.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಿಂತಲ್ಲಿಂದಲೇ ಕಿರುಚಿದೆ: "ಏ ತೌನೊ! ಈ ರಕ್ತದ ಚೀಲ ಯಾರು ಹಿಡ್ಕೋತಾರೆ, ನಿನ್ನ ತಾತನಾ? ಗಾಡಿ ತುಂಬ ಚೆಲ್ಲಿದ್ರೆ ನಿನ್ನ ಕೈಲೇ ತೊಳಸ್ತೀನಿ. ಬಾ ಈ ಕಡೆ!"

"ನೋಡ್ದಾ ಕ್ಲೈಡ್, ಈ ರಾಕ್ಷಸಿ ಬಿಡಲ್ಲ," ಅಂತ ಗೊಣಗುತ್ತ ಕುಂಟಿಕೊಂಡು ಬಂದ.

"ನೀವು ಮುಂದೆ ಹೋಗ್ತಿರಿ. ಗೇಟು ಹಾಕ್ಕೊಂಡು ಬರ್ತೀನಿ," ಅಂದ ಕ್ಲೈಡ್.

ದಾರಿಯುದ್ದಕ್ಕೂ ತೌನೊ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಗಡಿಯ ಮುಂದೆ ಆಗಲೇ ಆರೇಳು ಗಂಡಸರಿದ್ದರು. ಗಾಡಿಯನ್ನು ಸ್ವಲ್ಪ ದೂರ ನಿಲ್ಲಿಸಿದೆ. ಅವನು ಇಳಿಯಲಿಲ್ಲ.

"ಲೆಂಪಿ."

"ಏನು?"

"ಪಿಕಪ್‌ಗೆ ತುಕ್ಕು ಹಿಡಿದಿರಲಿಲ್ಲ."

"ಸ್ವಲ್ಪ ಹಿಡಿದಿತ್ತು."

"ಏನೂ ಹಿಡಿದಿರಲಿಲ್ಲ. ಜುಲೈನಲ್ಲಿ ನಾನೇ ಟಾರ್ಚ್ ಬಿಟ್ಟು ನೋಡಿದ್ದೆ."

"ಹಾಗಾದ್ರೆ ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ಮೂರು ತಿಂಗಳಿಂದ ನನ್ನ ತಲೆ ತಿಂದ್ಯಲ್ಲೋ!"

ಅವನು ಚೀಲದ ಬಾಯಿ ಬಿಗಿ ಮಾಡಿದ. "ಬೈಕೊಂಡಾದ್ರೆ ಹತ್ತಬಹುದಿತ್ತು ಕಣೇ. ಸುಮ್ನೆ ಹತ್ತಿದ್ರೆ ಕೈಲಾಗದವನು ಅಂತ ಒಪ್ಕೊಂಡ ಹಾಗಾಗ್ತಿತ್ತು."

ಮೂವತ್ತೊಂದು ವರ್ಷ ನಲವತ್ತು ಮಕ್ಕಳ ಬಾಯಿ ಮುಚ್ಚಿಸಿದವಳು ನಾನು. ಅವತ್ತು ಕೀಲಿ ತಿರುಗಿಸಿ ಇಂಜಿನ್ನು ಆರಿಸಿದೆ, ಅಷ್ಟೇ.

ಅಷ್ಟರಲ್ಲಿ ಕ್ಲೈಡ್‌ನ ಪಿಕಪ್ ಬಂತು. ಎಲ್ಲರೂ ಅದರ ಹಿಂದೆ ಮುತ್ತಿಕೊಂಡರು. "ಎಂಟು ಕವಲು! ಭೇಷ್ ಕ್ಲೈಡ್!" ಅಂತ ಒಬ್ಬ ಬಾಗಿಲು ತಟ್ಟಿದ. ಕ್ಲೈಡ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಂದಲ್ಲಪ್ಪ, ಅವನದು," ಅಂತ ನಮ್ಮ ಕಡೆ ಬೆರಳು ತೋರಿಸಿದ. ಎಲ್ಲರೂ ತಿರುಗಿದರು.

ತೌನೊ ಚೀಲ ನನ್ನ ಕೈಗೆ ಕೊಟ್ಟ. ಬಾಗಿಲು ತೆಗೆದು, ಎರಡೂ ಕಾಲು ಹೊರಗಿಟ್ಟು, ಎದ್ದು ನಿಂತ. ನಡೆದುಕೊಂಡು ಹೋದ. ಕಳೆದ ವರ್ಷ ಬಿದ್ದ ಜಾಗ ಅಲ್ಲೇ, ನಾಲ್ಕು ಹೆಜ್ಜೆ ಆಚೆ.

"ನಿನ್ನ ಜಿಂಕೆ ಬಿಟ್ಟು ನೀನ್ಯಾಕೆ ಹೆಂಗಸರ ಗಾಡೀಲಿ ಬಂದ್ಯೋ?" ಅಂತ ಯಾರೋ ಕೇಳಿದರು.

"ಕ್ಲೈಡ್ ಗಾಡಿ ಹತ್ತೋಕೆ ನನ್ನ ಕೈಲಿ ಆಗಲಿಲ್ಲ. ಮೂರು ಸಲ ನೋಡ್ದೆ. ಕಾಲು ಮೇಲೆ ಬರಲ್ಲ."

ಒಬ್ಬ ತನ್ನ ಟೋಪಿ ಸರಿಮಾಡಿಕೊಂಡ. ಈಗ ಯಾರಾದರೂ ನಕ್ಕರೆ ಆ ರಕ್ತದ ಚೀಲವನ್ನು ಅವನ ಮುಖಕ್ಕೇ ಎಸೆಯುವವಳಿದ್ದೆ.

ಆಗ ಕ್ಲೈಡ್ ತನ್ನ ಬಾಗಿಲು ತೆಗೆದ. ಸೀಟಿನ ಹಿಂದೆ ಕೈಹಾಕಿ ಒಂದು ಪ್ಲಾಸ್ಟಿಕ್ಕಿನ ಹಾಲಿನ ಕ್ರೇಟು ತೆಗೆದು ನೆಲಕ್ಕೆ ಬಿಟ್ಟ. ಕ್ರೇಟಿಗೆ ಉದ್ದನೆಯ ಹಗ್ಗ ಕಟ್ಟಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಬಾಗಿಲು ಹಿಡಿದುಕೊಂಡು ಆ ಕ್ರೇಟಿನ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು ಇಳಿದ.

"ಎರಡು ವರ್ಷ ಆಯ್ತು. ಹತ್ತಿದ ಮೇಲೆ ಹಗ್ಗ ಎಳ್ಕೊಂಡುಬಿಡ್ತೀನಿ. ಜನ ಇದ್ರೆ ಹೋಗೋವರೆಗೂ ಕಾಯ್ತೀನಿ," ಅಂದ.

ತೌನೊ ಕ್ರೇಟನ್ನು ನೋಡಿದ, ಕ್ಲೈಡ್‌ನನ್ನು ನೋಡಿದ.

"ಹೋದ ವರ್ಷ ನಾನು ಇಲ್ಲಿ ಬಿದ್ದಾಗ ಇದು ಎಲ್ಲಿತ್ತೋ?"

"ಸೀಟಿನ ಹಿಂದೆ."

"ನೀನು ನಕ್ಕೆ."

"ನಕ್ಕೆ," ಅಂದ ಕ್ಲೈಡ್. "ನಾನು ನಗದೇ ಇದ್ರೆ ನನ್ನ ಕಡೆ ನೋಡ್ತಾರೆ ಅಂತ ಹೆದರಿಕೆ ಆಯ್ತು ಕಣೋ." ಅವನ ಮುಖ ಕೆಂಪಾಗಿತ್ತು.

ತೌನೊ ಒಂದು ಹೆಜ್ಜೆ ಮುಂದಿಟ್ಟ, ಹೊಡೆದೇಬಿಡುತ್ತಾನೇನೋ ಅಂದುಕೊಂಡೆ. ಅವನು ಬಾಗಿ ಜಿಂಕೆಯ ಕೊಂಬಿನ ಚೀಟಿ ಬಿಗಿ ಮಾಡಿದ.

"ನಿನಗೆ ಇವತ್ತು ಏನೂ ಸಿಕ್ಕಿಲ್ಲ ತಾನೇ?"

"ಇಲ್ಲ."

"ನಾಳೆ ಬೆಳಗ್ಗೆ ಐದಕ್ಕೆ ನಮ್ಮನೆ ಹತ್ರ ಬಾ. ಲೆಂಪಿ ಗಾಡೀಲಿ ಹೋಗೋಣ. ಮೂರು ಜನ ಧಾರಾಳವಾಗಿ ಕೂರಬಹುದು."

ಒಂದು ವರ್ಷದಿಂದ ಅವನ ಬಾಯಲ್ಲಿ ನಾಳೆ ಅನ್ನುವ ಮಾತನ್ನೇ ನಾನು ಕೇಳಿರಲಿಲ್ಲ. ಗಾಡಿ ನನ್ನದು, ಓಡಿಸುವವಳು ನಾನು, ನಾಲ್ಕೂವರೆಗೆ ಎದ್ದು ಕಾಫಿ ಕಾಯಿಸಬೇಕಾದವಳೂ ನಾನೇ. ಒಂದು ಮಾತು ನನ್ನನ್ನು ಕೇಳಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ಅದಕ್ಕೆ ಬೈಯಬೇಕು ಅಂತ ಬಾಯಿ ತೆರೆದೆ, ಅಳು ಬಂದುಬಿಟ್ಟಿತು.