ಇಲ್ಲದ ಐಬು

ಬಣವೆಗೆ ಬೆಂಕಿ ಹತ್ತಿದರೆ ಊರಿಗೆಲ್ಲ ಹೊಗೆ ಕಾಣುತ್ತದೆ. ಹೊಟ್ಟೆಗೆ ಹತ್ತಿದ ಕಿಚ್ಚು ಹತ್ತಿದವರಿಗೂ ಪೂರ್ತಿ ಕಾಣುವುದಿಲ್ಲ. ಜೋರಾಪುರ ಪೇಟೆಯ ದಾನೇಶ್ವರಿಗೆ ಅದು ಹತ್ತಿದ್ದು ಮೊಬೈಲಿನಿಂದ.

ಹಳೆಯ ಸಾಮಾನನ್ನು ಫೋನಿನಲ್ಲೇ ಮಾರುವ ದಂಧೆಯನ್ನು ಆ ಭಾಗದಲ್ಲಿ ಮೊದಲು ಹಿಡಿದವಳು ಅವಳೇ. ಮಿಕ್ಸರು, ತಿಜೋರಿ, ಕಬ್ಬಿಣದ ಮಂಚ, ಹೊಲಿಗೆ ಮಷೀನು, ಹೀಗೆ ಬೇಡವೆಂದವರಿಂದ ಕೊಂಡು, ಒರೆಸಿ, ಎಣ್ಣೆ ಬಿಟ್ಟು, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಟಿಕೋಟಾದಿಂದ, ಬಬಲೇಶ್ವರದಿಂದ ಜನ ಟಂಟಂ ಗಾಡಿ ಮಾಡಿಕೊಂಡು ಬಂದು ಒಯ್ಯುತ್ತಿದ್ದರು. ಬಿಜ್ಜರಗಿಯ ಆಮ್ರಪಾಲಿಯೂ ಹಾಗೆ ಬಂದು ಒಂದು ಹೊಲಿಗೆ ಮಷೀನು ಒಯ್ದವಳೇ. ಒಯ್ದವಳು ಅಷ್ಟಕ್ಕೆ ಬಿಡದೆ ತಾನೂ ಹಳೆಯ ಸಾಮಾನು ಮಾರತೊಡಗಿದಳು. ಅದೂ ಅದೇ ಗುಂಪಿನಲ್ಲಿ!

ಅವಳ ರೀತಿಯೇ ಬೇರೆ. ವಿಡಿಯೋದಲ್ಲಿ ಮೊದಲು ಕಾಣುವುದೇ ಸಾಮಾನಿನ ಗಾಯ. "ನೋಡ್ರಿ ಯಕ್ಕಾರ, ಈ ಮಿಕ್ಸರ್ ಮುಚ್ಚಳ ಸೀಳೇತಿ. ಕೈಲೆ ಒತ್ತಿ ಹಿಡೀರಿ, ಇಲ್ಲಂದ್ರ ಚಟ್ನಿ ಹಾರಿ ನಿಮ್ಮ ಹಣಿಗೆ ಕುಂಕುಮ ಇಡತೈತಿ." ಐಬೆಲ್ಲ ಹೇಳಿ ಮುಗಿದ ಮೇಲೆ ಬೆಲೆ. ಜನ ನಗುತ್ತಿದ್ದರು, ನಗುತ್ತಲೇ ಕೊಳ್ಳುತ್ತಿದ್ದರು.

"ಆಕಿ ವಿಡಿಯೋ ಎಷ್ಟ್ ಸಲ ನೋಡ್ತೀಲೇ? ನನ್ನ ಮಾರಿ ಎಂದಾರ ಹಿಂಗ ನೋಡೀಯೇನು?" ಎಂದ ದಾನೇಶ್ವರಿಯ ಗಂಡ ಧರ್ಮರಾಜ.

"ನಿಮ್ಮ ಐಬು ಹೇಳಾಕ ಕುಂತ್ರ ಬೆಲಿ ತನಕಾ ಬರಾಕಾಗೂದಿಲ್ಲ. ಸುಮ್ಕಿರ್ರಿ."

ಸೋಮವಾರ ಸಿದ್ಧೇಶ್ವರನ ಗುಡಿಯಲ್ಲಿ ಕೈಮುಗಿದು ನಿಂತಳು. "ಯಪ್ಪಾ, ನನ್ನ ವ್ಯಾಪಾರ ನಡಸು." ಹೊರಡಲು ಮನಸ್ಸು ಬರಲಿಲ್ಲ. "ಆಕಿದು ನಡಸಬ್ಯಾಡ ಅನ್ನಾಂಗಿಲ್ಲ. ಸ್ವಲ್ಪ ಸಾವಕಾಶ ನಡಸು." ದೇವರು ದೊಡ್ಡವನು, ಇಂಥದ್ದನ್ನೆಲ್ಲ ಕೇಳಿಸಿಕೊಂಡೂ ಸುಮ್ಮನಿರುತ್ತಾನೆ.

ಆ ವಾರವೇ ನಿಡೋಣಿಯ ಮಾಳವ್ವನ ಫೋನು ಬಂತು. ಮಾಳವ್ವ ಊರ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವಾಕೆ. ಕಲಿತವರೆಲ್ಲ ಅವಳು ತೋರಿಸಿದ ಕಡೆಯೇ ಮಷೀನು ಕೊಳ್ಳುವವರು. ಇಷ್ಟು ವರ್ಷ ಅವಳು ತೋರಿಸಿದ್ದು ದಾನೇಶ್ವರಿಯ ಮನೆ.

"ಈ ಸಲ ಆಮ್ರಪಾಲೀದೂ ಒಂದ್ ನೋಡೇನಿ. ನಿಂದೂ ವಿಡಿಯೋ ಹಾಕ ಯವ್ವಾ. ಯಾವದು ಪಸಂದ ಬೀಳತೈತಿ, ಇನ್ನಮ್ಯಾಲೆ ಹುಡಿಗೇರನ್ನೆಲ್ಲ ಅಲ್ಲೇ ಕಳಸ್ತೇನಿ."

ನಿಡೋಣಿ ಕೈಬಿಟ್ಟರೆ ಹೋಗುವುದು ಒಬ್ಬ ಗಿರಾಕಿಯಲ್ಲ, ಇಷ್ಟು ದಿನ ಗಳಿಸಿದ ಹೆಸರು.

ದಾನೇಶ್ವರಿಯ ಬಳಿ ಇದ್ದ ಮಷೀನು ಚಿನ್ನದಂಥದ್ದು. ಆಶಾಬಿ ಎಂಬಾಕೆ ತನ್ನ ಮದುವೆಯಲ್ಲಿ ಬಂದದ್ದನ್ನು ಹಳೆಯ ಸೀರೆ ಹೊದಿಸಿ ಜೋಪಾನವಾಗಿಟ್ಟು, ಈಗ ಕಣ್ಣು ಮಂಜಾದವೆಂದು ಕೊಟ್ಟದ್ದು. ಹುಡುಕಿದರೂ ಅದರಲ್ಲಿ ಒಂದು ಐಬು ಸಿಗಲಿಲ್ಲ. ಬೇರೆ ಯಾರಾದರೂ ಹಿಗ್ಗುತ್ತಿದ್ದರು, ಇವಳು ಕಂಗಾಲಾದಳು. ಐಬೇ ಇಲ್ಲವೆಂದರೆ, ಆಮ್ರಪಾಲಿಯನ್ನು ಕೇಳಿ ರೂಢಿಯಾದ ಜನ ನಂಬುತ್ತಾರೆಯೇ? ಒಂದು ಮೊಳೆ ತಂದಳು. ಮಷೀನಿನ ಕರಿ ಮೈಮೇಲೆ ಉದ್ದಕ್ಕೆ ಗೀರು ಎಳೆದಳು. ಕೂಸಿನ ಕೆನ್ನೆ ಚಿವುಟಿದಂತಾಯಿತು. ಆಮೇಲೆ ವಿಡಿಯೋ ಮಾಡಿದಳು: "ಮೊದ್ಲ ಐಬು ಹೇಳ್ತೇನ್ರಿ. ಬಣ್ಣ ಕಿತ್ತೈತಿ. ದಪ್ಪ ಅರಬಿ ಇಟ್ರ ಹೊಲಿಗಿ ತಪ್ಪತೈತಿ."

ಮರುದಿನ ಮಾಳವ್ವ ಬಂದಳು, ಕಂಕುಳಲ್ಲಿ ಕೌದಿಯ ತುಂಡು ಇಟ್ಟುಕೊಂಡು. ಚಹಾ ಕೂಡ ಬೇಡವೆಂದು ಮಷೀನಿಗೆ ಕೂತಳು. ಕೌದಿಯನ್ನು ಮಡಚಿ ಸೂಜಿಯ ಕೆಳಗಿಟ್ಟು ತುಳಿದಳು. ಹೊಲಿಗೆ ಇರುವೆ ಸಾಲಿನಂತೆ ಹೋಯಿತು.

"ಎಲ್ಲಿ ತಪ್ಪತೈತಿ ಬೇ?"

"ಒಮ್ಮೊಮ್ಮಿ ರೀ..."

"ಒಮ್ಮೊಮ್ಮಿ ಅಂದ್ರ? ಅಮಾಸಿಗೊಮ್ಮೆ ಏನು?" ಮಾಳವ್ವ ಗೀರಿನ ಮೇಲೆ ಬೆರಳಾಡಿಸಿದಳು. ಒಳಗಿನ ಕಬ್ಬಿಣ ಈಗಷ್ಟೇ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. ಅವಳು ಫೋನು ತೆಗೆದು ಆಮ್ರಪಾಲಿಗೆ ಹಚ್ಚಿ, ಸ್ಪೀಕರ್ ಹಾಕಿದಳು.

"ಆಮ್ರಪಾಲಿ, ನಾ ದಾನೇಶ್ವರಿ ಮನ್ಯಾಗ ಅದೇನಿ. ಈಕಿ ಮಷೀನು ಒಂದ್ ಹೇಳತೈತಿ, ಈಕಿ ಒಂದ್ ಹೇಳ್ತಾಳ. ಏನ್ ಮಾಡ್ಲಿ?"

"ಅಯ್ಯ, ತಗೋರಿ ಮಾಳವ್ವಾರ! ದಾನಕ್ಕಾರ ಕಡೆ ಒಯ್ದ ಮಷೀನ ನಮ್ಮನ್ಯಾಗ ಇನ್ನೂ ಹೊಲಿಯಾಕತ್ತೈತಿ. ನನ್ನ ಮಾತಿನ ಮ್ಯಾಲೆ ತಗೋರಿ. ಏನಾರ ಆದ್ರ ನಾ ನೋಡ್ಕೋತೇನಿ."

ನನ್ನ ಮಾತಿನ ಮೇಲೆ! ದಾನೇಶ್ವರಿಯ ಕಿವಿ ಕಾದವು. ತನ್ನ ಮನೆಯ ಸಾಮಾನು, ತನ್ನ ಅಂಗಳದಲ್ಲಿ, ಅವಳ ಜಾಮೀನಿನ ಮೇಲೆ ಮಾರಾಟವಾಗಬೇಕೆ? ಅದಕ್ಕಿಂತ ನಿಡೋಣಿಯೇ ಹೋಗಲಿ.

"ಯಾರ ಮಾತೂ ಬ್ಯಾಡ್ರಿ!" ಎಂದು ಚೀರಿದಳು. "ಈ ಮಷೀನಿಗೆ ಏನೂ ಆಗಿಲ್ಲ. ಗೀರು ನಾನ ಎಳದೇನಿ. ಹೊಲಿಗಿ ತಪ್ಪತೈತಿ ಅಂದದ್ದೂ ಸುಳ್ಳ. ಬೇಕಾದ್ರ ಒಯ್ರಿ, ಇಲ್ಲಂದ್ರ ಬಿಡ್ರಿ. ಆಕಿ ಹೆಸರಿಲೆ ಮಾತ್ರ ಒಯ್ಯಬ್ಯಾಡ್ರಿ."

ಪುಣ್ಯದಿಂದ ಬರುವ ಸತ್ಯವನ್ನು ಪುರಾಣದಲ್ಲಿ ಕೇಳುತ್ತೇವೆ. ಮತ್ಸರದಿಂದಲೂ ಅದು ಹೊರಬೀಳುವುದುಂಟು. ಶಿವ ಯಾವ ಬಾಗಿಲಿನಿಂದ ಕರೆಯುತ್ತಾನೋ ಯಾರು ಬಲ್ಲರು.

ಮಾಳವ್ವ ಫೋನು ಬಂದ್ ಮಾಡಿದಳು.

"ಮಾರೂದಕ್ಕ ಕೆಟ್ಟದ್ದನ್ನ ಚಲೋ ಅನ್ನಾವ್ರನ್ನ ಭಾಳ ಮಂದೀನ್ನ ಕಂಡೇನಿ. ಚಲೋದನ್ನ ಕೆಟ್ಟದ್ದು ಅಂದಾಕಿನ್ನ ಇವತ್ತ ನೋಡಿದ್ನಿ. ಹುಚ್ಚಿ! ನನ್ನ ಮುಂದ ಹೇಳಿದ್ರ ಮುಗೀಲಿಲ್ಲ. ಸುಳ್ಳ ಗುಂಪಿನ್ಯಾಗ ಹಾಕೀದಿ, ಖರೇನೂ ಅಲ್ಲೇ ಹಾಕ. ಹಾಕಿದ್ರ ಒಯ್ತೇನಿ, ಹುಡಿಗೇರನ್ನೂ ಕಳಸ್ತೇನಿ."

"ಎಲ್ಲಾರೂ ನೋಡ್ತಾರಲ್ರೀ..."

"ನೋಡ್ಲಿ ಅಂತನ ಹೇಳಾಕತ್ತೇನಿ."

ಎಲ್ಲರೂ ನೋಡಿದರೆ ನೋಡಲಿ, ಕೇಳಿಸಿಕೊಂಡದ್ದು ಸಾಲದೆಂದು ಆಮ್ರಪಾಲಿಯೂ ನೋಡುತ್ತಾಳಲ್ಲ! ಕೊನೆಗೆ ದಾನೇಶ್ವರಿ ತಲೆಯ ಮೇಲೆ ಸೆರಗು ಹೊದ್ದು, ಫೋನನ್ನು ಗೀರಿನ ಮುಂದೆ ಹಿಡಿದು, ಬೆಲೆಯ ಮಾತಿಲ್ಲದೆ, ಗೀರು ತಾನೇ ಎಳೆದದ್ದನ್ನೂ ಸುಳ್ಳಾಡಿದ್ದನ್ನೂ ಹೇಳಿ ವಿಡಿಯೋ ಗುಂಪಿಗೆ ಕಳಿಸಿದಳು.

ಎಲ್ಲರಿಗಿಂತ ಮೊದಲು ಉತ್ತರ ಬಂದದ್ದು ಬಿಜ್ಜರಗಿಯಿಂದ, ಆಮ್ರಪಾಲಿಯದು. "ದಾನಕ್ಕಾ, ಆ ಗೀರಿಗೆ ಕರಿ ನೇಲ್ ಪಾಲಿಶ್ ಹಚ್ರಿ, ಗೊತ್ತಾಗೂದಿಲ್ಲ."

"ಅದೂ ಆಕೀನ ಹೇಳಬೇಕು!" ಎಂದು ಹಲ್ಲು ಕಡಿಯುತ್ತ ದಾನೇಶ್ವರಿ ಒಳಗೆ ಹೋಗಿ, ಮಗಳ ಡಬ್ಬಿಯಲ್ಲಿ ಕರಿ ನೇಲ್ ಪಾಲಿಶ್ ಹುಡುಕತೊಡಗಿದಳು.