ತುಟಿಗೆ ಒದ್ದೆ ಬಟ್ಟೆ

ಓಣಿಯವರೆಲ್ಲ ಲಾಂಡ್ರಿಯಕ್ಕ ಎಂದು ಕರೆಯುವ ಆಕೆಗೆ ಗಂಡನ ಏದುಸಿರು ಹೊಸದಲ್ಲ. ಅವನ ಹೃದಯ ಮೊದಲಿನಿಂದಲೂ ದುರ್ಬಲ. ಆದರೆ ಈ ಸಲ ಮಲಗಿದರೆ ಉಸಿರೇ ಕಟ್ಟುತ್ತಿತ್ತು. ಆಸ್ಪತ್ರೆಯವರು ನೇರ ಐಸಿಯುಗೆ ಸೇರಿಸಿ, ಆಮ್ಲಜನಕದ ಮಾಸ್ಕ್ ಹಾಕಿದರು.

"ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆ ಅಕ್ಕಾ, ಕುಡಿದಷ್ಟೂ ಹೆಚ್ಚುತ್ತೆ. ನಾವು ಕೊಟ್ಟಷ್ಟು ಬಿಟ್ಟು ಒಂದು ಗುಟುಕೂ ಕುಡಿಸ್ಬೇಡಿ" ಎಂದಳು ನರ್ಸಮ್ಮ. "ಬಾಯಿ ಒಣಗಿದ್ರೆ ಒದ್ದೆ ಬಟ್ಟೇಲಿ ತುಟಿ ಒರೆಸಿ, ಸಾಕು."

ಬದುಕೆಲ್ಲ ಬಟ್ಟೆ ಹಿಂಡಿದ ಕೈಗೆ ಅಷ್ಟು ಹೇಳಿದರೆ ಸಾಲದೇ? ಗಂಡ ನೀರು ನೀರು ಎಂದು ಅಂಗಲಾಚಿದಾಗ ಅವಳ ಕರುಳು ಚುರ್ ಎಂದಿತು. ನರ್ಸಮ್ಮ ಅತ್ತ ತಿರುಗಿದ್ದೇ ತಡ, ಟವೆಲ್ಲನ್ನು ನೀರಲ್ಲಿ ಅದ್ದಿ, ಮಾಸ್ಕ್ ಸರಿಸಿ, ಬಾಯಿಗೆ ಹಿಂಡಿದಳು. ಒದ್ದೆ ಬಟ್ಟೆ ತಾನೇ, ಮಾತೇನೂ ಮೀರಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡು ದಿನ ಇದೇ ನಡೆಯಿತು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರ್ ಸ್ಕ್ಯಾನ್ ಯಂತ್ರವನ್ನು ಹಾಸಿಗೆಯ ಹತ್ತಿರವೇ ತಳ್ಳಿಕೊಂಡು ಬಂದರು.

"ಮತ್ತೆ ಸ್ಕ್ಯಾನಾ? ಇವರೇನು ಬಸುರಿಯಾ?" ಲಾಂಡ್ರಿಯಕ್ಕ ಗೊಣಗಿದಳು. "ಒಳಗಿನ ನೀರು ಮೇಲಿಂದ ಹೇಗೆ ಕಾಣುತ್ತೆ? ಕಿರಣ ಗಿರಣ ತಾಗಿ ಇನ್ನಷ್ಟು ಸುಸ್ತಾದ್ರೆ?"

ನರ್ಸಮ್ಮನಿಗೆ ನಗು ಬಂತು. "ಕಿರಣ ಇಲ್ಲಕ್ಕಾ, ಇದು ಕಿವಿಗೆ ಕೇಳದ ಶಬ್ದದ ಅಲೆ. ಎದೆ ಮೇಲೆ ಇಟ್ಟು ನೋಡೋದಷ್ಟೆ, ನೋವೂ ಆಗಲ್ಲ. ಅಣ್ಣನ್ನ ಎಲ್ಲಿಗೂ ಕರ್ಕೊಂಡು ಹೋಗೋದೂ ಬೇಡ. ನೋಡಿ, ಈ ಪರದೇಲಿ ಮೇಲಿಂದ ಕೆಳಗೆ ಬಿಳಿ ಗೆರೆ ಇಳಿದಿವೆಯಲ್ಲ? ಅಣ್ಣನ ಥರದ ಕಾಯಿಲೇಲಿ ಅವು ಹೆಚ್ಚಾದ್ರೆ ನೀರು ಹೆಚ್ಚಾಗಿದೆ ಅಂತ."

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ನೀರು ಇಳಿಯೋಕೆ ಮದ್ದು ಕೊಟ್ಟರೂ ಗೆರೆಗಳು ನಿನ್ನೆಗಿಂತ ಜಾಸ್ತಿ ಇವೆ. ಮದ್ದು ಹಿಡೀತಿಲ್ಲ ಅನ್ಸುತ್ತೆ. ಹೀಗೇ ಆದ್ರೆ ಗಂಟಲಿಗೆ ಕೊಳವೆ ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸ್ಬೇಕಾಗುತ್ತೆ."

ಲಾಂಡ್ರಿಯಕ್ಕನಿಗೆ ಪರದೆಯ ಮೇಲಿನ ಒಂದೊಂದು ಗೆರೆಯೂ ತಾನು ಹಿಂಡಿದ ನೀರೇ ಅನ್ನಿಸಿತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಗಂಡ. ನಾಚಿಕೆಯಿಂದ ಮುಖವೆತ್ತಲಾಗದೆ, ನೆಲ ನೋಡುತ್ತಲೇ ಬಾಯಿಬಿಟ್ಟಳು.

"ಮದ್ದಿನ ತಪ್ಪಲ್ಲ ಸಾರ್. ನಾನೇ ಬಟ್ಟೆ ಅದ್ದಿ ಅದ್ದಿ ಇವರ ಬಾಯಿಗೆ ಹಿಂಡಿದೆ."

ಗಂಡ ಮಾಸ್ಕ್ ಸರಿಸಿ, "ಕೇಳಿದ್ದು ನಾನು. ಅವಳನ್ನ ಬೈಬೇಡಿ" ಎಂದ. ಆ ಮಾತಿಗೆ ಅವಳು ಇನ್ನಷ್ಟು ಕುಗ್ಗಿಹೋದಳು.

ಯಾರೂ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದರು ಡಾಕ್ಟರ್. "ನೀರು ಹೆಚ್ಚಿದೆ ಅಂತ ಸ್ಕ್ಯಾನ್ ಹೇಳುತ್ತೆ. ಎಲ್ಲಿಂದ ಬಂತು ಅಂತ ನೀವೇ ಹೇಳ್ಬೇಕು."

ಕೊಳವೆಯ ಮಾತು ಸದ್ಯಕ್ಕೆ ನಿಂತಿತು. ಮದ್ದು ಮುಂದುವರಿಯಿತು, ಟವೆಲ್ಲು ಮನೆಗೆ ಹೋಯಿತು. ಆಮೇಲಿನ ಪ್ರತಿ ಸ್ಕ್ಯಾನಿಗೂ ಲಾಂಡ್ರಿಯಕ್ಕನೇ ಮೊದಲು ಪರದೆಯ ಮುಂದೆ ನಿಲ್ಲುತ್ತಿದ್ದಳು. "ಗೆರೆ ಕಮ್ಮಿಯಾದ್ವಾ ಸಾರ್?" ಎಂದು ಕೇಳುತ್ತಿದ್ದಳು. ಕಮ್ಮಿಯಾಗುತ್ತಾ ಬಂದವು. ಆದರೂ ನರ್ಸಮ್ಮನ ಮುಖ ನೋಡುವಾಗ ಅವಳ ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರು ಐಸಿಯುನಲ್ಲಿದ್ದರೆ ಎದೆಯ ಸ್ಕ್ಯಾನಿಗೆ ಹೆದರಬೇಡಿ, ಏನು ಕಂಡಿತೆಂದು ಕೇಳಿ ತಿಳಿದುಕೊಳ್ಳಿ. ಕದ್ದು ನೀರು ಕುಡಿಸಬೇಡಿ. ಕುಡಿಸಿಬಿಟ್ಟಿದ್ದರೆ ಈಗಲೇ ಎದ್ದು ಹೋಗಿ ಹೇಳಿ. ನಾಚಿಕೆಯಾಗುತ್ತದೆ, ಆಗಲಿ. ನಾಚಿಕೆಯಿಂದ ಯಾರ ಉಸಿರೂ ನಿಲ್ಲುವುದಿಲ್ಲ.